ಮೊದಲ ಸ್ಮೋಕರ್: ಹಣ ಎಲ್ಲಿಗೆ ಹೋಗಬೇಕು?

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಅಮೆರಿಕದ ಹಾರ್ಡ್‌ವೇರ್ ಅಂಗಡಿಗಳ ಮುಂದೆ ಗ್ರಿಲ್ಲು, ಸ್ಮೋಕರುಗಳ ಸಾಲು ಎದ್ದು ನಿಲ್ಲುತ್ತದೆ. ಮೆಮೋರಿಯಲ್ ಡೇಯಿಂದ ಜುಲೈ ನಾಲ್ಕರವರೆಗೆ ರಿಯಾಯಿತಿಯ ಕಾಲ. ಡಲ್ಲಾಸ್‌ನಲ್ಲೋ ಆಸ್ಟಿನ್‌ನಲ್ಲೋ ಅಪಾರ್ಟ್‌ಮೆಂಟ್ ಬಿಟ್ಟು ಹಿತ್ತಲಿರುವ ಮನೆಗೆ ಬಂದ ನಮ್ಮವರಲ್ಲಿ ಮಾಂಸಾಹಾರಿಗಳಾದವರಿಗೆ ಆ ಸಾಲಿನ ಮುಂದೆ ಕಾಲು ತಡೆಯುತ್ತದೆ. ಮುನ್ನೂರು ಡಾಲರಿನೊಳಗೆ ಯಾವುದನ್ನು ತೆಗೆದುಕೊಳ್ಳಬೇಕು? ಅಂಗಡಿಯವರು ಹೇಳುವ ಉತ್ತರ ಅವರ ಬಳಿ ಉಳಿದಿರುವ ಸರಕಿನ ಮೇಲೆ ನಿಂತಿರುತ್ತದೆ. ಹಾಗಾಗಿ ಪೆಟ್ಟಿಗೆಯ ಮೇಲಿನ ಬೆಲೆ ನೋಡುವ ಮೊದಲು, ಆ ಪೆಟ್ಟಿಗೆಯೊಳಗೆ ಏನು ನಡೆಯಬೇಕು ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು. ಅದು ತಿಳಿದರೆ ಆಯ್ಕೆ ಅರ್ಧ ಮುಗಿದಂತೆ.

ಗ್ರಿಲ್ ಬೇರೆ, ಸ್ಮೋಕರ್ ಬೇರೆ. ಗ್ರಿಲ್ಲಿನಲ್ಲಿ ಮಾಂಸ ಕೆಂಡದ ನೇರ ಮೇಲಿರುತ್ತದೆ, ಹತ್ತಿಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಮೆತ್ತನೆಯ ತುಂಡುಗಳಿಗೆ ಅದು ಸರಿ. ಸ್ಮೋಕರ್ ಇರುವುದು ಗಟ್ಟಿ ಮಾಂಸಕ್ಕೆ. ದನದ ಎದೆಯ ಭಾಗ, ಹಂದಿಯ ಭುಜ, ಕುರಿಯ ಮುಂಗಾಲು ಇವೆಲ್ಲ ಪ್ರಾಣಿ ಬದುಕಿದ್ದಾಗ ಹಗಲೆಲ್ಲ ದುಡಿದ ಸ್ನಾಯುಗಳು. ಅವುಗಳ ಎಳೆಗಳ ನಡುವೆ ಕೊಲಾಜೆನ್ ಎಂಬ ಗಟ್ಟಿ ಅಂಗಾಂಶ ತುಂಬಿರುತ್ತದೆ. ಜೋರು ಉರಿಯಲ್ಲಿ ಬೇಯಿಸಿದರೆ ಚರ್ಮದ ಚಪ್ಪಲಿ ಜಗಿದ ಹಾಗೆ. ಅದೇ ತುಂಡನ್ನು 225ರಿಂದ 250 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 107ರಿಂದ 121 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಗಂಟೆಗಟ್ಟಲೆ ಇಟ್ಟರೆ ಕೊಲಾಜೆನ್ ನಿಧಾನವಾಗಿ ಕರಗಿ ಜೆಲಾಟಿನ್ ಆಗುತ್ತದೆ. ಕಾಲು ಸೂಪು ಕುಡಿದಾಗ ತುಟಿಗೆ ತುಟಿ ಅಂಟುತ್ತದಲ್ಲ, ಅದೂ ಇದೇ ಜೆಲಾಟಿನ್. ಮಾಂಸದೊಳಗಿನ ಕಾವು 195ರಿಂದ 205 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುವ ಹೊತ್ತಿಗೆ ಎಳೆಗಳು ತಾವಾಗಿಯೇ ಬಿಡಿಬಿಡಿಯಾಗುತ್ತವೆ, ಮೂಳೆ ಹಿಡಿದು ಎಳೆದರೆ ಕೈಗೇ ಬರುತ್ತದೆ.

ಈ ಅಡುಗೆ ಬಡವರ, ಕಸಾಯಿ ಅಂಗಡಿಗಳ ಜಾಣತನದಿಂದ ಬೆಳೆದದ್ದು. ಮಧ್ಯ ಟೆಕ್ಸಸ್‌ಗೆ ಬಂದ ಜರ್ಮನ್ ಮತ್ತು ಚೆಕ್ ವಲಸಿಗರು ತಮ್ಮ ಮಾಂಸದಂಗಡಿಗಳಲ್ಲಿ ಮಾರಾಟವಾಗದೆ ಉಳಿದ ತುಂಡುಗಳನ್ನು ಹೊಗೆಯಲ್ಲಿ ಬೇಯಿಸಿ ಕಾಗದದಲ್ಲಿ ಕಟ್ಟಿ ಕೊಡುತ್ತಿದ್ದರು. ಲಾಕ್‌ಹಾರ್ಟ್ ಊರಿನ ಕ್ರೈಟ್ಸ್ ಮಾರ್ಕೆಟ್ 1900ರಲ್ಲಿ ಶುರುವಾದದ್ದು ಹಾಗೆಯೇ. ನಮ್ಮವರ ರುಚಿಗೆ ಇನ್ನೂ ಹತ್ತಿರದ ಊರು ಪಶ್ಚಿಮ ಕೆಂಟಕಿಯ ಓವೆನ್ಸ್‌ಬರೊ. ಅಲ್ಲಿ ಬಾರ್ಬೆಕ್ಯೂ ಅಂದರೆ ಬಲಿತ ಕುರಿಯ ಮಾಂಸ, ಹಿಕರಿ ಸೌದೆಯ ಹೊಗೆ. ದನ, ಹಂದಿ ತಿನ್ನದವರು ಇದು ತಮಗಲ್ಲ ಎಂದು ಹಿಂದೆ ಸರಿಯಬೇಕಿಲ್ಲ ಎನ್ನುವುದಕ್ಕೆ ಆ ಊರೊಂದೇ ಸಾಕು.

ಈಗ ಪೆಟ್ಟಿಗೆಗೆ ಬರೋಣ. ಆರೆಂಟು ಗಂಟೆ ಕಾವು ಏರಿಳಿಯದೆ ನಿಲ್ಲಬೇಕು. ಗಾಳಿ ನಾವು ಬಿಟ್ಟಷ್ಟೇ ಒಳಗೆ ಹೋಗಬೇಕು. ಹೊಗೆ ಶುದ್ಧವಾಗಿರಬೇಕು. ಸ್ಮೋಕರಿನಿಂದ ಕೇಳಬೇಕಾದದ್ದು ಇಷ್ಟೆ. ಇದರಲ್ಲಿ ಎರಡನೆಯದೇ ಉಳಿದೆರಡಕ್ಕೂ ಬುಡ. ಇದ್ದಿಲು ಎಷ್ಟೇ ಇರಲಿ, ಆಮ್ಲಜನಕ ಸಿಕ್ಕಷ್ಟೇ ಉರಿಯುತ್ತದೆ. ಮುಚ್ಚಳ ಬಿಗಿಯಾಗಿ ಕೂತು, ಕಿಂಡಿಗಳು ಸಲೀಸಾಗಿ ತೆರೆದು ಮುಚ್ಚುವಂತಿದ್ದರೆ ಬೆಂಕಿ ನಿಮ್ಮ ಮಾತು ಕೇಳುತ್ತದೆ. ಸಂದುಗೊಂದುಗಳಿಂದ ಗಾಳಿ ನುಗ್ಗುತ್ತಿದ್ದರೆ ನೀವು ಅದರ ಮಾತು ಕೇಳಬೇಕಾಗುತ್ತದೆ.

ಅದಕ್ಕೇ ಮೊದಲ ಎಚ್ಚರಿಕೆ, ಅಗ್ಗದ ಆಫ್‌ಸೆಟ್ ಸ್ಮೋಕರಿನ ಬಗ್ಗೆ. ಉದ್ದನೆಯ ಉರುಟು ಒಡಲು, ಪಕ್ಕದಲ್ಲಿ ಒಂದು ಸೌದೆ ಪೆಟ್ಟಿಗೆ, ಇನ್ನೊಂದು ತುದಿಯಲ್ಲಿ ಚಿಮಣಿ. ನೋಡಿದರೆ ಟೆಕ್ಸಸ್ಸೇ ಮನೆಗೆ ಬಂದ ಹಾಗೆ ಕಾಣುತ್ತದೆ, ಹೊಸಬರ ಕಣ್ಣು ಮೊದಲು ಬೀಳುವುದೂ ಅದರ ಮೇಲೆಯೇ. ಆದರೆ ಟೆಕ್ಸಸ್‌ನ ನುರಿತವರು ಬಳಸುವ ಆಫ್‌ಸೆಟ್‌ಗಳ ಉಕ್ಕು ಕಾಲು ಇಂಚು ದಪ್ಪ, ತೂಕ ನೂರಾರು ಕಿಲೊ. ಒಮ್ಮೆ ಕಾದರೆ ಆ ಉಕ್ಕೇ ಕಾವನ್ನು ಹಿಡಿದಿಟ್ಟುಕೊಳ್ಳುತ್ತದೆ. ಇನ್ನೂರು ಮುನ್ನೂರು ಡಾಲರಿನದ್ದು ತೆಳು ತಗಡು. ಗಾಳಿ ಬೀಸಿದರೆ ಕಾವು ಇಳಿಯುತ್ತದೆ, ಸೌದೆ ಹಾಕಿದರೆ ಜಿಗಿಯುತ್ತದೆ, ಬಾಗಿಲ ಸಂದಿನಿಂದ ಹೊಗೆ ಸೋರುತ್ತದೆ. ಸೌದೆ ಪೆಟ್ಟಿಗೆಯ ಕಡೆಯ ತುಂಡು ಕರಕಲು, ಚಿಮಣಿಯ ಕಡೆಯದು ಅರೆಬೆಂದದ್ದು. ಅರ್ಧ ಮುಕ್ಕಾಲು ಗಂಟೆಗೊಮ್ಮೆ ಎದ್ದು ಸೌದೆ ಇಡಬೇಕು. ಇಂಥದ್ದರಲ್ಲೇ ಕಲಿತು ಮೇಲೆ ಬಂದವರಿದ್ದಾರೆ, ನಿಜ. ಆಸ್ಟಿನ್‌ನ ಆರನ್ ಫ್ರಾಂಕ್ಲಿನ್ ಹಿತ್ತಲಿನಲ್ಲಿ ಒಂದು ಅಗ್ಗದ ಸ್ಮೋಕರಿನಿಂದ ಶುರು ಮಾಡಿ, 2009ರಲ್ಲಿ ಟ್ರೈಲರಿನಲ್ಲಿ ಮಾರಾಟಕ್ಕಿಳಿದು, 2015ರಲ್ಲಿ ಬಾಣಸಿಗರಿಗೆ ಕೊಡುವ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಪಡೆದರು. ಆದರೆ ಅವರಿಗಿದ್ದ ಹಟ, ಪುರುಸೊತ್ತು ಎಲ್ಲರಿಗೂ ಇರುವುದಿಲ್ಲ. ವಾರವಿಡೀ ಕೆಲಸ ಮಾಡಿ ಶನಿವಾರ ಒಂದೇ ದಿನ ಕೈಗೆ ಸಿಗುವ ಸಂಸಾರಸ್ಥರಿಗೆ ಈ ತಗಡಿನ ಸ್ಮೋಕರ್ ಎರಡೇ ಸಲಕ್ಕೆ ಆಸೆ ಬತ್ತಿಸಿಬಿಡುತ್ತದೆ.

ಕರೆಂಟಿನ ಸ್ಮೋಕರ್ ಇದರ ಪೂರಾ ತಿರುಗುಮುರುಗು. ಬೀರುವಿನಂಥ ಪೆಟ್ಟಿಗೆ, ಒಳಗೆ ಹೀಟರ್, ಪಕ್ಕದಲ್ಲಿ ಮರದ ಚಕ್ಕೆ ಹಾಕುವ ತಟ್ಟೆ. ಗುಂಡಿ ತಿರುಗಿಸಿ ಒಳಗೆ ಹೋಗಿ ಕೂರಬಹುದು. ಇನ್ನೂರರಿಂದ ಮುನ್ನೂರು ಡಾಲರಿಗೆ ಸಿಗುತ್ತದೆ. ಇದ್ದಿಲನ್ನು ಒಪ್ಪದ ಕಡೆ ಬಾಡಿಗೆಗಿರುವವರಿಗೆ ಕೆಲವೊಮ್ಮೆ ಇದೊಂದೇ ದಾರಿ. ಹೊಗೆಯ ರುಚಿ ಮೆಲುವಾಗಿರುತ್ತದೆ, ಏಕೆಂದರೆ ಇಲ್ಲಿ ಉರಿ ಇಲ್ಲ, ಚಕ್ಕೆ ಬರೀ ಕರಕಲಾಗುತ್ತದೆ. ಬಾರ್ಬೆಕ್ಯೂ ಪ್ರಿಯರು ಹುಡುಕುವ, ಮಾಂಸದ ಅಂಚಿನ ಆ ಗುಲಾಬಿ ಪಟ್ಟಿಯೂ ಸಾಮಾನ್ಯವಾಗಿ ಬರುವುದಿಲ್ಲ. ಉರಿಯುವ ಸೌದೆ, ಇದ್ದಿಲಿನಿಂದ ಹೊರಡುವ ನೈಟ್ರಿಕ್ ಆಕ್ಸೈಡ್ ಮತ್ತು ಕಾರ್ಬನ್ ಮಾನಾಕ್ಸೈಡ್ ಮಾಂಸದ ಮಯೊಗ್ಲೋಬಿನ್‌ಗೆ ಅಂಟಿಕೊಂಡಾಗ ಮೂಡುವ ಬಣ್ಣ ಅದು. ಬಣ್ಣಕ್ಕೆ ರುಚಿಯಿಲ್ಲ, ಅದಕ್ಕಾಗಿ ಕೊರಗಬೇಕಿಲ್ಲ. ಇಂಥ ಎಷ್ಟೋ ಪೆಟ್ಟಿಗೆಗಳ ಕಾವು 275 ಡಿಗ್ರಿ ದಾಟದು ಎನ್ನುವುದು ದೊಡ್ಡ ಕೊರತೆ. ಕೋಳಿಯ ಚರ್ಮ ಅದರಲ್ಲಿ ಗರಿಯಾಗುವುದಿಲ್ಲ, ರಬ್ಬರಿನಂತಾಗುತ್ತದೆ.

ಪೆಲೆಟ್ ಸ್ಮೋಕರಿನ ಮೋಹ ಈಗ ಎಲ್ಲೆಡೆ ಇದೆ. ಮರದ ಪುಡಿಯನ್ನು ಒತ್ತಿ ಮಾಡಿದ ಚಿಕ್ಕ ಗುಳಿಗೆಗಳನ್ನು ಒಂದು ತಿರುಪು ಬೆಂಕಿಯ ಬಟ್ಟಲಿಗೆ ತಳ್ಳುತ್ತದೆ, ಫ್ಯಾನ್ ಗಾಳಿ ಊದುತ್ತದೆ, ಕಂಟ್ರೋಲರ್ ಕಾವು ನೋಡಿಕೊಳ್ಳುತ್ತದೆ. ಒರೆಗಾನ್‌ನ ಜೋ ಟ್ರೇಗರ್ 1980ರ ದಶಕದಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಆ ಪೇಟೆಂಟಿನ ಅವಧಿ ಮುಗಿದ ಮೇಲೆ ಹತ್ತಾರು ಕಂಪನಿಗಳು ಇಳಿದವು, ಬೆಲೆ ಕೆಳಗೆ ಬಂತು. ಆದರೂ ನಂಬಿ ಕೊಳ್ಳುವಂಥದ್ದು ನಾನೂರು ಐನೂರು ಡಾಲರಿನಿಂದ ಶುರು. ಅನುಕೂಲದ ವಿಷಯದಲ್ಲಿ ಇದಕ್ಕೆ ಸಾಟಿಯಿಲ್ಲ. ಮಕ್ಕಳು ಚಿಕ್ಕವರಿರುವ ಮನೆಗಳಲ್ಲಿ, ಕೈಯಲ್ಲಿ ಹಣವಿದ್ದರೆ, ಬೇಡ ಎನ್ನಲಾರೆ. ಆದರೆ ಇದು ಮೋಟಾರು, ಫ್ಯಾನು, ಸರ್ಕ್ಯೂಟ್ ಬೋರ್ಡು ಇರುವ ಯಂತ್ರ. ಗುಳಿಗೆಗೆ ನೀರು ತಾಗಿದರೆ ಊದಿ ಹಿಟ್ಟಾಗಿ ತಿರುಪು ಸಿಕ್ಕಿಕೊಳ್ಳುತ್ತದೆ. ಐದಾರು ವರ್ಷದ ನಂತರ ಬೋರ್ಡು ಸುಟ್ಟರೆ ಬಿಡಿಭಾಗ ಸಿಗುತ್ತದೋ ಇಲ್ಲವೋ ಎಂಬುದನ್ನು ಕೊಳ್ಳುವ ಮೊದಲೇ ವಿಚಾರಿಸಬೇಕು. ಕಡಿಮೆ ಬೆಲೆಯ ಅಪರಿಚಿತ ಪೆಲೆಟ್ ಸ್ಮೋಕರ್ ಬೇಡವೇ ಬೇಡ.

ಉಳಿದದ್ದು ಇದ್ದಿಲು. ಸಾಧಾರಣ ಬಜೆಟ್ಟಿನವರಿಗೆ ನಾನು ಹೇಳುವುದು ಇದನ್ನೇ, ಅದರಲ್ಲೂ 22 ಇಂಚಿನ ಕೆಟಲ್, ಅಂದರೆ ಮುಚ್ಚಳವಿರುವ ಗುಂಡನೆಯ ಗ್ರಿಲ್ಲು. 1952ರಲ್ಲಿ ಷಿಕಾಗೊ ಸಮೀಪದ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್‌ನಲ್ಲಿ ಕೆಲಸಕ್ಕಿದ್ದ ಜಾರ್ಜ್ ಸ್ಟೀಫನ್, ದೋಣಿಗಳಿಗೆ ದಾರಿ ತೋರಲು ನೀರಿನಲ್ಲಿ ತೇಲಿಬಿಡುವ ಲೋಹದ ಗುಂಡನ್ನು ಎರಡು ಹೋಳು ಮಾಡಿ, ಒಂದಕ್ಕೆ ಕಾಲು, ಇನ್ನೊಂದಕ್ಕೆ ಹಿಡಿ ಜೋಡಿಸಿದರು. ತೆರೆದ ಗ್ರಿಲ್ಲಿನಲ್ಲಿ ಗಾಳಿಗೆ ಬೂದಿ ಹಾರಿ ಅಡುಗೆ ಕೆಡುವುದನ್ನು ತಡೆಯಬೇಕಿತ್ತು ಅವರಿಗೆ. ಆ ಮುಚ್ಚಳವೇ ಗ್ರಿಲ್ಲನ್ನು ಒಲೆಯಾಗಿಸಿತು, ಸ್ಮೋಕರ್ ಕೂಡ ಆಗಿಸಿತು. ಪಿಂಗಾಣಿ ಲೇಪದ ಉಕ್ಕು, ಮೇಲೊಂದು ಕೆಳಗೊಂದು ಕಿಂಡಿ, ಕೆಡಲು ಹೆಚ್ಚೇನೂ ಇಲ್ಲ. ಸಾದಾ ಮಾದರಿ ಇನ್ನೂರು ಡಾಲರಿನ ಆಸುಪಾಸಿನಲ್ಲಿ ಹೊಸದಾಗಿಯೇ ಸಿಗುತ್ತದೆ. ಊರು ಬಿಡುವವರು ಮಾರುವ ಹಳೆಯದಾದರೆ ಅದರ ಮೂರನೆಯ ಒಂದು ಭಾಗಕ್ಕೂ ಸಿಕ್ಕೀತು. ಹಳೆಯದನ್ನು ಕೊಳ್ಳುವಾಗ ಮುಚ್ಚಳ ಸೊಟ್ಟಗಾಗದೆ ಸರಿಯಾಗಿ ಕೂರುತ್ತದೆಯೇ, ಕೆಳಗಿನ ಕಿಂಡಿಯ ಅಲಗುಗಳನ್ನು ತುಕ್ಕು ತಿಂದಿಲ್ಲವೇ ಎಂದು ನೋಡಿ. ತುರಿ ಹಾಳಾಗಿದ್ದರೆ ಚಿಂತೆಯಿಲ್ಲ, ಅದು ಬೇರೆಯಾಗಿ ಸಿಗುತ್ತದೆ. ಸ್ಮೋಕರ್ ನಿಮಗೆ ಒಗ್ಗದೆ ಹೋದರೂ ಗ್ರಿಲ್ ಆಗಿ ಇದು ದುಡಿಯುತ್ತದೆ, ಹಾಕಿದ ದುಡ್ಡಿಗೆ ಮೋಸವಿಲ್ಲ.

ಇದರಲ್ಲಿ ಹೊಗೆಯಡುಗೆ ಹೇಗೆಂದು ಒಂದಿಷ್ಟು ಬಿಡಿಸಿ ಹೇಳಬೇಕು, ಏಕೆಂದರೆ ಅಂಗಡಿಯಲ್ಲಿ ಇದನ್ನು ಯಾರೂ ತೋರಿಸುವುದಿಲ್ಲ. ಇಟ್ಟಿಗೆಯಂತೆ ಒತ್ತಿದ ಇದ್ದಿಲಿನ ಉಂಡೆಗಳನ್ನು ಕೆಟಲಿನ ಬಾಣಲೆಯ ಒಳ ಅಂಚಿಗೆ ಒತ್ತಿ, ಅಕ್ಕಪಕ್ಕ ಎರಡು, ಅವುಗಳ ಮೇಲೆ ಎರಡು, ಹೀಗೆ ಜೋಡಿಸುತ್ತಾ ಹೋಗಿ. ಅರ್ಧ ಸುತ್ತು ದಾಟಿ ಮುಕ್ಕಾಲು ಸುತ್ತಿನ ಹತ್ತಿರ ನಿಲ್ಲಿಸಿ. ನೋಡಲು ಸುತ್ತಿಕೊಂಡು ಮಲಗಿದ ಹಾವಿನಂತೆ ಇರುತ್ತದೆ, ಅಲ್ಲಿಯವರು ಕರೆಯುವುದೂ ಸ್ನೇಕ್ ಅಂತಲೇ. ಅದರ ಮೇಲೆ ಗೇಣಿಗೊಂದರಂತೆ ಮುಷ್ಟಿ ಗಾತ್ರದ ಸೇಬು, ಚೆರಿ ಅಥವಾ ಓಕ್ ಮರದ ತುಂಡು. ನಡುವೆ ಒಂದು ಅಲ್ಯೂಮಿನಿಯಂ ತಟ್ಟೆ, ಅದರಲ್ಲಿ ನೀರು. ಜಿಡ್ಡು ಬೀಳುವುದು ಅದಕ್ಕೆ, ಕಾವು ಜಿಗಿಯದಂತೆ ತಡೆಯುವುದೂ ಅದೇ. ಇನ್ನು ಎಂಟು ಹತ್ತು ಉಂಡೆಗಳನ್ನು ಚಿಮ್ನಿ ಸ್ಟಾರ್ಟರ್ ಎಂಬ ತಗಡಿನ ಕೊಳವೆಯಲ್ಲಿ ಹೊತ್ತಿಸಿ, ಬೂದಿ ಬಣ್ಣಕ್ಕೆ ತಿರುಗಿದ ಮೇಲೆ ಹಾವಿನ ಒಂದು ತುದಿಗೆ ಇಡಿ. ಹೊತ್ತಿಸಲು ಎಣ್ಣೆ ಸುರಿಯಬೇಡಿ, ಅದರ ವಾಸನೆ ಮಾಂಸಕ್ಕೆ ಬರುತ್ತದೆ. ಮಾಂಸ ತುರಿಯ ಮೇಲೆ, ತಟ್ಟೆಯ ನೇರಕ್ಕೆ. ಮುಚ್ಚಳದ ಕಿಂಡಿ ಬೆಂಕಿಯ ಎದುರು ದಿಕ್ಕಿಗೆ, ಮಾಂಸದ ಮೇಲೆ ಬರುವಂತೆ. ಕೆಂಡ ಒಂದು ಉಂಡೆಯಿಂದ ಇನ್ನೊಂದಕ್ಕೆ ದಾಟುತ್ತಾ ಆರು ಗಂಟೆಗೂ ಮಿಕ್ಕಿ ನಡೆಯುತ್ತದೆ.

ಕಿಂಡಿಗಳ ವಿಷಯದಲ್ಲಿ ಒಂದು ನಿಯಮ ಮರೆಯಬಾರದು. ಮೇಲಿನದು ಸದಾ ತೆರೆದಿರಲಿ, ಕಾವನ್ನು ಕೆಳಗಿನದರಿಂದ ಹಿಡಿಯಿರಿ. ಹೆಚ್ಚು ಹೊಗೆ ಬರಲಿ ಎಂದು ಮೇಲಿನ ಕಿಂಡಿ ಮುಚ್ಚಿದರೆ ಒಳಗೆ ದಟ್ಟ ಬಿಳಿ ಹೊಗೆ ಕಟ್ಟಿಕೊಂಡು ಮಾಂಸಕ್ಕೆ ಕಹಿ ಹತ್ತುತ್ತದೆ, ನಾಲಿಗೆ ಜೋಮು ಹಿಡಿದಂತಾಗುತ್ತದೆ. ಬೇಕಾದದ್ದು ಕಂಡೂ ಕಾಣದ ತೆಳು ನೀಲಿ ಹೊಗೆ. ಬೆಂಕಿಗೆ ಗಾಳಿ ಸಾಕಷ್ಟು ಸಿಗುತ್ತಿದೆ ಎಂಬುದಕ್ಕೆ ಅದೇ ಗುರುತು. ಮರದ ಚಕ್ಕೆಯನ್ನು ನೀರಿನಲ್ಲಿ ನೆನೆಸಿ ಹಾಕಿ ಎಂದು ಹಲವು ಪೊಟ್ಟಣಗಳ ಮೇಲೆ ಬರೆದಿರುತ್ತದೆ. ನೆನೆದ ಚಕ್ಕೆ ಮೊದಲು ಆವಿಯನ್ನು ಬಿಡುತ್ತದೆ, ಒಣಗಿದ ಮೇಲೆಯೇ ಹೊಗೆಯಾಡುತ್ತದೆ. ಅದರಿಂದ ಲಾಭವಿಲ್ಲ. ಪೈನ್‌ನಂಥ ಅಂಟಿನ ಮರ, ಬಣ್ಣ ಬಳಿದ ಇಲ್ಲವೇ ಔಷಧ ಕುಡಿಸಿದ ಹಲಗೆ ಮಾತ್ರ ಎಂದಿಗೂ ಬೇಡ.

ಬರೀ ಸ್ಮೋಕರೇ ಬೇಕು ಎನ್ನುವವರಿಗೆ ವೆಬರ್ ಸ್ಮೋಕಿ ಮೌಂಟನ್ ಇದೆ. 1981ರಿಂದ ಹೆಚ್ಚು ಬದಲಾಗದೆ ಬಂದಿರುವ ನೆಟ್ಟಗಿನ ಕರಿ ಗುಂಡು. 18 ಇಂಚಿನದ್ದು ನಾನೂರು ಡಾಲರಿನ ಆಸುಪಾಸು, 14 ಇಂಚಿನದ್ದು ಅದಕ್ಕಿಂತ ಸಾಕಷ್ಟು ಕಡಿಮೆ. ನಾಲ್ಕೈದು ಜನರ ಮನೆಗೆ ಚಿಕ್ಕದೇ ಧಾರಾಳ. ಡ್ರಮ್ ಸ್ಮೋಕರ್ ಕೂಡ ಒಳ್ಳೆಯದೇ. ಹಳೆ ಡ್ರಮ್ಮಿನಿಂದ ನೀವೇ ಮಾಡಿಕೊಳ್ಳುವುದಾದರೆ ಒಳಲೇಪವಿಲ್ಲದ, ಆಹಾರ ತುಂಬಿದ್ದ ಡ್ರಮ್ಮೇ ಆಗಬೇಕು. ಸತುವಿನ ಲೇಪವಿರುವುದು ಕಾದರೆ ವಿಷದ ಹೊಗೆ ಬಿಡುತ್ತದೆ.

ಮುನ್ನೂರು ಡಾಲರಿನಲ್ಲಿ ಐವತ್ತರಿಂದ ಎಂಬತ್ತನ್ನು ಪೆಟ್ಟಿಗೆಗೆ ಹಾಕದೆ ಎತ್ತಿಡಿ. ಅದು ಥರ್ಮಾಮೀಟರಿಗೆ. ಹೊಸಬರು ಎಲ್ಲಕ್ಕಿಂತ ಹೆಚ್ಚು ಕಡೆಗಣಿಸುವುದು ಇದನ್ನೇ. ಮುಚ್ಚಳದ ಮೇಲೆ ಕೂರಿಸಿದ ಮುಳ್ಳಿನ ಥರ್ಮಾಮೀಟರು ಮಾಂಸ ಇರುವ ಜಾಗದ ಕಾವನ್ನು ತೋರಿಸುವುದಿಲ್ಲ. ಹತ್ತಿಪ್ಪತ್ತು ಡಿಗ್ರಿಯಿಂದ ಐವತ್ತರವರೆಗೂ ತಪ್ಪುವುದುಂಟು. ಎರಡು ತಂತಿಯ ಡಿಜಿಟಲ್ ಥರ್ಮಾಮೀಟರ್ ಕೊಳ್ಳಿ. ಒಂದು ತಂತಿ ತುರಿಯ ಮಟ್ಟದ ಗಾಳಿಗೆ, ಇನ್ನೊಂದು ಮಾಂಸದ ನಡುಮಧ್ಯಕ್ಕೆ, ಮೂಳೆ ತಾಗದಂತೆ. ಕುದಿಯುವ ನೀರಿನಲ್ಲಿ ಒಮ್ಮೆ ಅದ್ದಿ, ಸಮುದ್ರಮಟ್ಟದ ಊರಿನಲ್ಲಿ 212 ತೋರಿಸುತ್ತದೆಯೇ ಎಂದು ನೋಡಿಕೊಳ್ಳಿ.

ಮಾಂಸದೊಳಗಿನ ಕಾವಿನ ಅಂಕಿ ಕಣ್ಣೆದುರು ಇದ್ದರೆ ಇನ್ನೊಂದು ಗಾಬರಿಯೂ ತಪ್ಪುತ್ತದೆ. ಮಾಂಸದೊಳಗಿನ ಕಾವು 150-160 ಡಿಗ್ರಿಗೆ ಬಂದು ಅಲ್ಲೇ ನಿಂತುಬಿಡುತ್ತದೆ, ಗಂಟೆಗಟ್ಟಲೆ ಅಲುಗುವುದಿಲ್ಲ. ಬೆಂಕಿ ಕೆಟ್ಟಿತೆಂದು ಇದ್ದಿಲು ಸುರಿಯುವವರು, ಹಸಿದ ನೆಂಟರ ಮುಂದೆ ಮಾಂಸವನ್ನು ಓವನ್ನಿಗೆ ಸಾಗಿಸುವವರು ಸಿಕ್ಕಿಬೀಳುವುದು ಇಲ್ಲೇ. ಆಗುತ್ತಿರುವುದು ಇಷ್ಟೆ: ಮೇಲ್ಮೈಯಿಂದ ತೇವ ಆವಿಯಾಗುತ್ತಾ, ಮಣ್ಣಿನ ಮಡಕೆ ನೀರನ್ನು ತಣ್ಣಗಿಡುವಂತೆ ಮಾಂಸವನ್ನು ತಣಿಸುತ್ತಿರುತ್ತದೆ. ಅಮೆರಿಕದ ಭೌತವಿಜ್ಞಾನಿ ಗ್ರೆಗ್ ಬ್ಲಾಂಡರ್ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ತಾಳ್ಮೆಯಿದ್ದರೆ ಕಾಯಿರಿ, ಇಲ್ಲದಿದ್ದರೆ ಮಾಂಸವನ್ನು ಫಾಯಿಲ್ಲಿನಲ್ಲೋ ಕಟುಕರ ಕಾಗದದಲ್ಲೋ ಬಿಗಿಯಾಗಿ ಸುತ್ತಿ. ಆವಿಗೆ ದಾರಿ ಮುಚ್ಚಿದರೆ ಕಾವು ಮತ್ತೆ ಏರುತ್ತದೆ.

ಮೊದಲ ಸಲವೇ ಹನ್ನೆರಡು ಪೌಂಡಿನ ಬ್ರಿಸ್ಕೆಟ್, ಅಂದರೆ ದನದ ಎದೆಯ ಭಾಗ, ತರಬೇಡಿ. ಬೇಯುವಾಗ ಅದರ ತೂಕದಲ್ಲಿ ಹೆಚ್ಚುಕಡಿಮೆ ನೂರಕ್ಕೆ ನಲವತ್ತರಷ್ಟು ಹೋಗುತ್ತದೆ, ಕೆಟ್ಟರೆ ದಿನವೂ ಹೋಯಿತು ಹಣವೂ ಹೋಯಿತು. ಕೋಳಿಯ ತೊಡೆಯಿಂದ ಶುರು ಮಾಡಿ. ಉಪ್ಪು, ಮೆಣಸು, ಬೇಕಿದ್ದರೆ ಶುಂಠಿ ಬೆಳ್ಳುಳ್ಳಿ ಅರೆದು ಸವರಿ, 300 ಡಿಗ್ರಿಯ ಸುತ್ತ ಇಟ್ಟರೆ ಗಂಟೆ ಒಂದೂವರೆ ಗಂಟೆಯಲ್ಲಿ ಆಗುತ್ತದೆ. ಅಮೆರಿಕದ ಕೃಷಿ ಇಲಾಖೆ ಕೋಳಿಗೆ ಹೇಳುವ ಕನಿಷ್ಠ ಕಾವು 165 ಡಿಗ್ರಿ, ತೊಡೆ 175 ದಾಟಿದರೆ ಇನ್ನೂ ಮೆತ್ತಗೆ. ಕೈ ಪಳಗಿದ ಮೇಲೆ ನಾಲ್ಕೈದು ಪೌಂಡಿನ ಕುರಿ ಮುಂಗಾಲು ತನ್ನಿ. ನಮ್ಮ ನಾಲಿಗೆಗೆ ಸ್ಮೋಕರ್ ಕೊಡುವ ಅತ್ಯುತ್ತಮ ಫಲ ಅದೇ ಎಂಬುದು ನನ್ನ ಅಭಿಪ್ರಾಯ. ಮೇಕೆ ಮಾಂಸದಲ್ಲಿ ಕೊಬ್ಬು ಕಡಿಮೆ, ಎರಡು ಮೂರು ಗಂಟೆ ಹೊಗೆ ಹಿಡಿದ ಮೇಲೆ ಸ್ವಲ್ಪ ಸಾರು ಹಾಕಿ ಫಾಯಿಲ್ ಸುತ್ತಲೇಬೇಕು, ಇಲ್ಲದಿದ್ದರೆ ಒಣಗುತ್ತದೆ.

ಕೊಡಗಿನ ಮನೆಗಳಲ್ಲಿ ಒಲೆಯ ಮೇಲೆ ಮಾಂಸ ತೂಗುಹಾಕಿ ಹೊಗೆಗೆ ಒಣಗಿಸುವುದನ್ನು ಕಂಡವರು ಇಲ್ಲೊಂದು ವ್ಯತ್ಯಾಸ ಗಮನಿಸಬೇಕು. ಅದು ಉಪ್ಪು ಮತ್ತು ದಿನಗಟ್ಟಲೆಯ ಒಣಗುವಿಕೆಯಿಂದ ಮಾಂಸವನ್ನು ಕಾಪಿಡುವ ವಿಧಾನ. ಸ್ಮೋಕರಿನಲ್ಲಿ ಬೆಂದದ್ದು ಬರೀ ಬೆಂದ ಮಾಂಸ, ಹೊಗೆ ತಾಗಿದೆಯೆಂದು ಅದು ಕೆಡದೆ ಉಳಿಯುವುದಿಲ್ಲ. ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಬೇಕು. ತಣ್ಣನೆ ಹೊಗೆಯಲ್ಲಿ ಮಾಂಸ ಒಣಗಿಸುವ ಪ್ರಯೋಗಕ್ಕೆ ಹೊಸಬರು ಕೈ ಹಾಕುವುದು ಅಪಾಯ. ಬಾಟ್ಯುಲಿಸಂನಂಥ ವಿಷಬಾಧೆ ಮೂಗಿಗೂ ನಾಲಿಗೆಗೂ ತಿಳಿಯುವುದಿಲ್ಲ. ಬೆಂಗಳೂರು, ಮೈಸೂರಿನಲ್ಲಿ ಕೆಟಲ್ ಇಟ್ಟುಕೊಂಡವರಿಗೆ ಸೌದೆ ಡಿಪೋದ ಒಣಗಿದ ಮಾವು, ಸೀಬೆ ಚೆನ್ನಾಗಿ ಒದಗುತ್ತವೆ. ಎಣ್ಣೆಯಂಶವಿರುವ ನೀಲಗಿರಿ ಬೇಡ.

ಇನ್ನು ಜಾಗದ ಮಾತು, ಇದರಲ್ಲಿ ರಾಜಿಯಿಲ್ಲ. ಗ್ಯಾರೇಜಿನೊಳಗೆ, ಮುಚ್ಚಿದ ವರಾಂಡದಲ್ಲಿ, ಮಳೆ ಬಂತೆಂದು ಬಾಗಿಲು ಅರೆತೆರೆದ ಷೆಡ್ಡಿನಲ್ಲಿ ಇದ್ದಿಲು ಹೊತ್ತಿಸಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಆರಿದಂತೆ ಕಾಣುವ ಕೆಂಡವೂ ಅದನ್ನು ಬಿಡುತ್ತಿರುತ್ತದೆ. ಅಪಾರ್ಟ್‌ಮೆಂಟುಗಳ ಮರದ ಬಾಲ್ಕನಿಗಳಲ್ಲಿ, ಬೆಂಕಿ ಹತ್ತಬಲ್ಲ ಗೋಡೆಯಿಂದ 10 ಅಡಿಯೊಳಗೆ ಇದ್ದಿಲಿನ ಗ್ರಿಲ್ಲು ಬಳಸುವುದನ್ನು ಅಮೆರಿಕದ ಬಹಳಷ್ಟು ಊರುಗಳ ಅಗ್ನಿ ನಿಯಮ ಒಪ್ಪುವುದಿಲ್ಲ. ಬಾಡಿಗೆ ಕರಾರು ಓದಿ, ಮಾಲೀಕರನ್ನು ಕೇಳಿ, ಆಮೇಲೆ ದುಡ್ಡು ಬಿಚ್ಚಿ. ತುರಿ ಉಜ್ಜಲು ತಂತಿ ಬ್ರಷ್ ಬೇಡ. ಮುರಿದ ತಂತಿ ಆಹಾರಕ್ಕೆ ಸೇರಿ ಗಂಟಲಿಗೆ ಚುಚ್ಚಿಕೊಂಡು ಆಸ್ಪತ್ರೆ ಸೇರಿದವರಿದ್ದಾರೆ. ಹೊಗೆಯಡುಗೆ ದಿನವೂ ತಿನ್ನುವಂಥದ್ದೂ ಅಲ್ಲ. ಹೊಗೆಯಲ್ಲಿ ಕ್ಯಾನ್ಸರ್‌ಕಾರಕ ಅಂಶಗಳಿವೆ, ತಿಂಗಳಿಗೊಮ್ಮೆಯ ಔತಣವಾಗಿ ಇಟ್ಟುಕೊಳ್ಳುವುದು ಮೇಲು.

ಲೆಕ್ಕ ಹೀಗೆ ಹಾಕಿಕೊಳ್ಳಿ: ಇನ್ನೂರರೊಳಗೆ ಒಂದು 22 ಇಂಚಿನ ಕೆಟಲ್, ಸಾಧ್ಯವಾದರೆ ಹಳೆಯದು. ಎರಡು ತಂತಿಯ ಥರ್ಮಾಮೀಟರ್. ಒಂದು ಚಿಮ್ನಿ ಸ್ಟಾರ್ಟರ್, ಒಂದು ಚೀಲ ಇದ್ದಿಲು, ಒಂದು ಚೀಲ ಸೇಬಿನ ಮರದ ತುಂಡು. ಉಳಿದ ಹಣಕ್ಕೆ ಕೋಳಿ ತನ್ನಿ. ಒಂದು ಬೇಸಿಗೆ ಇದರಲ್ಲಿ ಕೈ ಪಳಗಿಸಿಕೊಂಡ ಮೇಲೆ ದೊಡ್ಡ ಸ್ಮೋಕರ್ ಬೇಕೆನಿಸಿದರೆ ಆಗ ಕೊಳ್ಳಿ. ಯಾವುದು ಬೇಕೆಂದು ಆ ಹೊತ್ತಿಗೆ ನಿಮಗೇ ಗೊತ್ತಿರುತ್ತದೆ.